ಎರಡು ಸಲ ಎಳೆದು ನೋಡುವ ಲಾಂಬರ್ಟ್

ನನ್ನ ಗಂಡ ಲಾಂಬರ್ಟ್ ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಎಳೆದು ನೋಡುತ್ತಾನೆ. ಒಂದು ಸಲವಲ್ಲ, ಮೂರು ಸಲವಲ್ಲ, ಎರಡು. ಕಾರಿನ ಡಿಕ್ಕಿ, ಕೋಳಿಗೂಡಿನ ಬಾಗಿಲು, ನೀರಿನ ನಲ್ಲಿ, ಯಾವುದನ್ನೂ ಬಿಟ್ಟವನಲ್ಲ. ನಮ್ಮ ಮದುವೆಯ ದಿನ ಪಾದ್ರಿಗಳ ಎದುರಿಗೇ ನನ್ನ ಬೆರಳಿಗೆ ಉಂಗುರ ತೊಡಿಸಿ ಎರಡು ಸಲ ಎಳೆದು ನೋಡಿದ್ದ. ಪಾದ್ರಿಗಳು ನಕ್ಕರು. ನನಗೂ ಆಗ ಅದು ಮುದ್ದಾಗಿಯೇ ಕಂಡಿತ್ತು. ಇಪ್ಪತ್ತಾರು ವರ್ಷ ಅದನ್ನೇ ನೋಡಿದರೆ ಎಂಥ ಮುದ್ದಾದರೂ ತಲೆ ಚಿಟ್ಟು ಹಿಡಿಸುತ್ತದೆ.

ಅವನ ಕೆಲಸ ದ್ರಾವ್ ನದಿಯ ದಂಡೆಯ ಮರದ ಮಿಲ್ಲಿನಲ್ಲಿ. ಮೂವತ್ತೈದು ವರ್ಷದಿಂದ ಗರಗಸಕ್ಕೆ ದಿಮ್ಮಿ ಕೊಡುತ್ತಿದ್ದಾನೆ, ಇವತ್ತಿಗೂ ಹತ್ತು ಬೆರಳೂ ಇವೆ. ನಮ್ಮ ಕಣಿವೆಯಲ್ಲಿ ಇದು ಸಣ್ಣ ಮಾತಲ್ಲ. ಮಿಲ್ಲಿನವರು ಕೈ ಎತ್ತಿ ಐದು ಬಿಯರ್ ಎಂದು ತೋರಿಸಿದರೆ ಮೇಜಿಗೆ ನಾಲ್ಕೇ ಬರುವುದುಂಟು. ನಾನು ಊರಿನವರ ಕೂದಲು ಕತ್ತರಿಸುವವಳು, ಹೆಸರು ರೋಸ್ವಿಥಾ, ಎಲ್ಲರಿಗೂ ರೋಸಿ. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತವರೆಲ್ಲ ಬಾಯಿ ಬಿಡುತ್ತಾರೆ. ಹಾಗಾಗಿ ನನ್ನ ಗಂಡನ ಬಗ್ಗೆ ಊರು ಏನನ್ನುತ್ತದೆ ಎಂಬುದು ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಲಾಂಬರ್ಟನಿಗೆ ಇನ್ನೊಂದು ಕೆಲಸವೂ ಇದೆ, ಅದಕ್ಕೆ ಸಂಬಳವಿಲ್ಲ. ಊರ ಮೇಲಿನ ರಾಬೆನ್ ಬೆಟ್ಟದ ನೆತ್ತಿಯಲ್ಲಿ ಹಲಗೆ ಹೊಡೆದ ಒಂದು ಇಳಿಜಾರಿದೆ. ನಾವು ಹ್ಯಾಂಗ್ ಗ್ಲೈಡರ್‌ನವರು ರೆಕ್ಕೆ ಹೊತ್ತು ಆ ಹಲಗೆಯ ಮೇಲೆ ಓಡಿ ಕಣಿವೆಗೆ ಹಾರುತ್ತೇವೆ. ರೆಕ್ಕೆಯ ಕೆಳಗೆ ಜೋಲಿಯೊಂದರಲ್ಲಿ ಹೊಟ್ಟೆ ಕೆಳಗಾಗಿ ಮಲಗುವುದು, ಎದುರಿನ ಕೋಲು ಹಿಡಿದು ಅತ್ತಿತ್ತ ವಾಲುವುದು, ವಿದ್ಯೆ ಅಷ್ಟೇ. ಜೋಲಿಯನ್ನು ರೆಕ್ಕೆಗೆ ಸೇರಿಸುವುದು ಒಂದೇ ಒಂದು ಕೊಂಡಿ, ಅದೂ ಬೆನ್ನ ಹಿಂದೆ, ನಮ್ಮ ಕಣ್ಣಿಗೆ ಕಾಣದ ಕಡೆ. ಓಡುವ ಮುಂಚೆ ಯಾರಾದರೊಬ್ಬರು ಎದುರು ನಿಂತು ರೆಕ್ಕೆಯ ಮೂತಿಯ ತಂತಿಗಳನ್ನು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಗಾಳಿ ರೆಕ್ಕೆಯನ್ನು ಮಗುಚಿ ಹಾಕುತ್ತದೆ. ಆ ಯಾರಾದರೊಬ್ಬರು ಇಪ್ಪತ್ತೇಳು ವರ್ಷದಿಂದ ಲಾಂಬರ್ಟ್. ಹಲಗೆಯ ತುದಿಯಲ್ಲಿ ಕುಂಟುಗಾಲು ಊರಿ, ಕಣಿವೆಗೆ ಬೆನ್ನು ಮಾಡಿ ನಿಂತು, ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಾನೆ: ಮಲಗು.

ಮಲಗಬೇಕು. ಜೋಲಿ ನಮ್ಮ ಭಾರ ಹೊತ್ತು ತೂಗಬೇಕು. ಅವನು ತಂತಿಯನ್ನು ಎರಡು ಸಲ ಎಳೆದು, ಆ ಭಾರ ತನ್ನ ಕೈಗೆ ಸಿಕ್ಕಿದ ಮೇಲೆಯೇ ಏಳು ಎನ್ನುತ್ತಾನೆ. ಕೊಂಡಿ ಹಾಕಿದೆಯಾ ಎಂದು ಯಾರನ್ನೂ ಕೇಳುವುದಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

"ಕೇಳಿದ್ರೆ ಎಲ್ರೂ ಹೂಂ ಅಂತಾರೆ," ಅಂದಿದ್ದ. "ನಾನೂ ಹೂಂ ಅಂದಿದ್ದೆ."

ಆ ಕಥೆ ಊರಿಗೆಲ್ಲ ಗೊತ್ತು. ತೊಂಬತ್ತೊಂದರ ಏಪ್ರಿಲ್. ಲಾಂಬರ್ಟ್ ಕೊಂಡಿ ಹಾಕಿಕೊಂಡು ಓಡಲು ತಯಾರಾಗಿ ನಿಂತಿದ್ದ. ಅವನ ಮುಂದಿದ್ದ ಹುಡುಗಿಗೆ ಅಡ್ಡಗಾಳಿಯಲ್ಲಿ ರೆಕ್ಕೆ ನಿಲ್ಲುತ್ತಿರಲಿಲ್ಲ. ಪಾಪ ಎಂದುಕೊಂಡು ತನ್ನ ಕೊಂಡಿ ಬಿಚ್ಚಿ, ಹೋಗಿ ಅವಳ ರೆಕ್ಕೆಯ ಮೂತಿ ಹಿಡಿದು, ಅವಳನ್ನು ಚೆನ್ನಾಗಿ ಹಾರಿಸಿ ಕಳಿಸಿದ. ವಾಪಸು ಬಂದು ತನ್ನ ರೆಕ್ಕೆ ಎತ್ತಿದ. ಕೊಂಡಿ ಹಾಕಿದೆಯಾ ಎಂದು ಹಿಂದಿನವರು ಕೇಳಿದ್ದಕ್ಕೆ ಹೂಂ ಎಂದ, ಓಡಿದ. ಮೂರು ಹೆಜ್ಜೆಗೆ ರೆಕ್ಕೆ ಮೇಲೆದ್ದಿತು, ಲಾಂಬರ್ಟ್ ಕೋಲಿಗೆ ಬಟ್ಟೆಯ ಹಾಗೆ ಜೋತುಬಿದ್ದ. ಎಷ್ಟು ಹೊತ್ತು ಅಂತ ಕೈಗಳು ತಡೆದಾವು? ಅವನು ಎಳೆಯ ಮರಗಳ ತೋಪಿನೊಳಗೆ ಬಿದ್ದ. ತೊಡೆ ಮುರಿಯಿತು, ಕಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು. ರೆಕ್ಕೆ ಮಾತ್ರ ತನ್ನ ಪಾಡಿಗೆ ತೇಲಿಕೊಂಡು ಹೋಗಿ ಚರ್ಚಿನ ಪಕ್ಕದ ಹುಲ್ಲುಗಾವಲಿನಲ್ಲಿ ಮೆತ್ತಗೆ ಇಳಿಯಿತು. ಲಾಂಬರ್ಟ್ ಇದ್ದಾಗಲೂ ಅದು ಅಷ್ಟು ಚೆನ್ನಾಗಿ ಇಳಿದಿರಲಿಲ್ಲ ಎಂದು ಊರು ಇವತ್ತಿಗೂ ಹೇಳುತ್ತದೆ.

ಆ ಹುಡುಗಿ ನಾನೇ. ಆಳಿಲ್ಲದ ರೆಕ್ಕೆಯೊಂದು ನನ್ನ ಪಕ್ಕದಲ್ಲೇ ಹಾರಿಹೋಗುವುದನ್ನು ಗಾಳಿಯಲ್ಲಿ ತೂಗುತ್ತಾ ನೋಡಿದ್ದೆ. ಆಸ್ಪತ್ರೆಗೆ ಸೇಬು ತೆಗೆದುಕೊಂಡು ಹೋದವಳು, ಎರಡು ವರ್ಷದ ಮೇಲೆ ಅವನನ್ನೇ ಕಟ್ಟಿಕೊಂಡೆ. ಕನಿಕರಕ್ಕೆ ಮದುವೆಯಾದಳು ಎಂದವರುಂಟು. ಅವನ ನಗು ನೋಡಿದ್ದರೆ ಹಾಗನ್ನುತ್ತಿರಲಿಲ್ಲ.

ಅವನು ಮತ್ತೆ ಹಾರಲಿಲ್ಲ. ಆದರೆ ಬೆಟ್ಟ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಜೀಪಿನಲ್ಲಿ ನಮ್ಮನ್ನು ಮೇಲಕ್ಕೆ ಕರೆದೊಯ್ಯುವವನು ಅವನೇ, ಹಲಗೆಯ ತುದಿಯಲ್ಲಿ ನಿಲ್ಲುವವನು ಅವನೇ, ಖಾಲಿ ಜೀಪನ್ನು ಕೆಳಗೆ ತಂದು ಹುಲ್ಲುಗಾವಲಿನಲ್ಲಿ ಕಾಯುವವನೂ ಅವನೇ.

ನಮ್ಮ ರೆಕ್ಕೆ ಸಂಘದಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ, ಈಸ್ಟರ್ ಕಳೆದ ಮರು ಭಾನುವಾರದ ಸಭೆಯಲ್ಲಿ, ಆ ವರ್ಷ ಎಲ್ಲರಿಗಿಂತ ದೊಡ್ಡ ಪೆದ್ದುತನ ಮಾಡಿದವರ ಕೊರಳಿಗೆ ಹಸುವಿನ ಗಂಟೆ ಕಟ್ಟುತ್ತಾರೆ. ಅಂಗೈ ಅಗಲದ ಚರ್ಮದ ಪಟ್ಟಿ, ಸೋರೆಕಾಯಿ ಗಾತ್ರದ ಗಂಟೆ. ಸಭೆ ಮುಗಿಯುವವರೆಗೆ ತೆಗೆಯುವಂತಿಲ್ಲ. ಗಂಟೆ ಆಮೇಲೆ ಕೊರಳಿನಿಂದ ಇಳಿಯುತ್ತದೆ, ಅದರ ಜೊತೆ ಬಂದ ಹೆಸರು ಇಳಿಯುವುದಿಲ್ಲ. ಗಾಳಿ ತಪ್ಪಿ ಇಟಲಿಯಲ್ಲಿ ಇಳಿದು ಮೂರು ಬಸ್ಸು ಬದಲಾಯಿಸಿ ಬಂದವನು ಸಾಯುವವರೆಗೂ ನಮಗೆ ರಾಯಭಾರಿ. ಲಾಂಬರ್ಟನ ಹೆಸರು ಮೂಟೆ. ಮೂಟೆಯ ಹಾಗೆ ಬಿದ್ದನಲ್ಲ, ಅದಕ್ಕೆ. ನನ್ನ ಅಂಗಡಿಯಲ್ಲಿ ಪುಟ್ಟ ಮಕ್ಕಳು ಕೂಡ "ಮೂಟೆ ಮಾಮ ಇಲ್ವಾ?" ಎಂದು ಕೇಳುತ್ತವೆ. ಅವನು ನಗುತ್ತಾನೆ. ನಕ್ಕಾಗೆಲ್ಲ ಗಿಡ್ಡಗಾಲಿನ ತೊಡೆ ಸವರಿಕೊಳ್ಳುತ್ತಾನೆ, ಅದನ್ನು ಗಮನಿಸುವವಳು ನಾನೊಬ್ಬಳೇ.

ಈ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷ ಬಂದ, ಗೆರ್ವಿನ್ ಅಂತ. ಜಮೀನು ಅಳೆಯುವ ಕೆಲಸದವನು. ಒಳ್ಳೆಯ ಹುಡುಗ, ಕೂದಲೂ ದಟ್ಟ. ಸಭೆಯಲ್ಲಿ ಮತಕ್ಕೆ ಹಾಕಲು ಅವನು ಒಂದು ಸೂಚನೆ ಬರೆದ: ಈ ಋತುವಿನಿಂದ ಹಲಗೆಯ ಮೇಲೆ ಕಾಯಂ ಆಳು ಬೇಡ, ಯಾರ ಕೊಂಡಿಗೆ ಅವರವರೇ ಹೊಣೆ, ಮೂತಿ ಹಿಡಿಯಲು ಸಾಲಿನ ಹಿಂದಿನವರು ಸಾಕು. ಕಾರಣ ವಸಂತದ ಗಾಳಿ. ಏಪ್ರಿಲ್‌ನಲ್ಲಿ ನಮ್ಮ ಬೆಟ್ಟದ ಗಾಳಿಗೆ ಮೂರು ಮನಸ್ಸು. ಬಿಸಿಲು ಬಂಡೆಗೆ ಬಿದ್ದರೆ ಎದುರಿನಿಂದ ಬರುತ್ತದೆ, ಮೋಡ ಬಂದರೆ ಪಕ್ಕಕ್ಕೆ ಹೊರಳುತ್ತದೆ, ಹಿಂದಿನ ಹಿಮದ ಕಡೆಯಿಂದ ಸದ್ದಿಲ್ಲದೆ ಬೆನ್ನಿಗೂ ಬೀಸುತ್ತದೆ. ಎದುರುಗಾಳಿ ಸಿಕ್ಕುವುದು ಒಂದೆರಡು ನಿಮಿಷ. ಅದರಲ್ಲಿ ಅರ್ಧ ಲಾಂಬರ್ಟನ ಮಲಗು, ಏಳುವಿಗೇ ಹೋಗುತ್ತದೆ ಎಂಬುದು ಗೆರ್ವಿನನ ಲೆಕ್ಕ. ಸುಳ್ಳೇನಲ್ಲ.

ನನಗೂ ಅದು ಸರಿ ಎನಿಸಿತ್ತು, ಇದನ್ನು ಮುಚ್ಚಿಡುವುದಿಲ್ಲ. ಸಭೆಯ ದಿನ ಬೆಳಿಗ್ಗೆ, ಈಸ್ಟರಿನಿಂದ ಉಳಿದ ದಾಲ್ಚಿನ್ನಿ ರೊಟ್ಟಿಯನ್ನು ಕಾಫಿಗೆ ಅದ್ದುತ್ತಾ, ನಾನು ಗೆರ್ವಿನನ ಪರ ಕೈ ಎತ್ತುತ್ತೇನೆ ಎಂದು ಲಾಂಬರ್ಟನಿಗೆ ನೇರವಾಗಿ ಹೇಳಿಬಿಟ್ಟೆ. ನಾನು ಮೂವತ್ತು ವರ್ಷದಿಂದ ಹಾರುತ್ತಿದ್ದೇನೆ, ಎಲ್ಲರ ಎದುರು ಮಗುವಿನ ಹಾಗೆ ಮಲಗಿಸಿ ನೋಡಿಸಿಕೊಳ್ಳುವುದು ಸಾಕಾಗಿದೆ ಎಂದೆ. ನಿನಗೂ ಕಾಲು ನೋವು, ಮನೆಯಲ್ಲಿ ಕೂತು ಆರಾಮಾಗಿರು ಎಂದೂ ಸೇರಿಸಿದೆ. ಅವನು ರೊಟ್ಟಿ ತಿಂದು ಮುಗಿಸಿ, ತಟ್ಟೆ ತೊಳೆದು, ನಲ್ಲಿಯನ್ನು ಎರಡು ಸಲ ತಿರುಗಿಸಿ ನೋಡಿ, ಜೀಪಿನ ಕೀ ತೆಗೆದುಕೊಂಡ. ಆಕಾಶದಲ್ಲಿ ಅವನಿಗೆ ಉಳಿದಿದ್ದ ಜಾಗ ಆ ಹಲಗೆಯ ತುದಿಯೊಂದೇ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ನಾಲಿಗೆ ಹರಿತ ಎಂದು ಅಮ್ಮ ಸುಮ್ಮನೆ ಬಯ್ಯುತ್ತಿರಲಿಲ್ಲ.

ಅವತ್ತು ಬೆಟ್ಟದ ಮೇಲೆ ನಾವು ಏಳು ಜನ. ಕೇಸರಿ ಹೂ ಹಿಮದಂಚಿನಲ್ಲಿ ತಲೆ ಎತ್ತಿತ್ತು, ರಾಬೆನ್ ಬೆಟ್ಟದ ಕಾಗೆಗಳು ಆಗಲೇ ಮೇಲೆ ಚಕ್ಕರ್ ಹೊಡೆಯುತ್ತಿದ್ದವು. ಮೊದಲ ಸರದಿ ನನ್ನದು, ನನ್ನ ಹಿಂದೆ ಗೆರ್ವಿನ್. ಕೊಂಡಿ ಹಾಕಿಕೊಂಡೆ, ಹಲಗೆಗೆ ಬಂದೆ. ಲಾಂಬರ್ಟ್ ಮೂತಿ ಹಿಡಿದು ಮಲಗು ಎಂದ, ಮಲಗಿದೆ. ಎರಡು ಸಲ ಎಳೆದ, ಏಳು ಎಂದ. ಬೆಳಗಿನ ಮಾತಿನಿಂದ ಇಬ್ಬರ ಮುಖವೂ ಊದಿಕೊಂಡಿತ್ತು. ಅಷ್ಟರಲ್ಲಿ ಮೋಡ ಬಂತು, ಗಾಳಿ ಬೆನ್ನಿಗೆ ತಿರುಗಿತು. ಕಾಯುವುದು ಬಿಟ್ಟು ದಾರಿಯಿಲ್ಲ.

ಐದಾರು ನಿಮಿಷ ಕಾದೆವು. ಹಲಗೆಯ ಪಕ್ಕ ಗಾಳಿ ನೋಡಲು ಒಂದು ಕೆಂಪು ರಿಬ್ಬನ್ ಕಟ್ಟಿರುತ್ತೇವೆ. ಅದು ಮರದ ಕೊಂಬೆಗೆ ಸುತ್ತಿಕೊಂಡು ಕೂತಿತ್ತು. ಗಾಳಿ ಯಾವ ಕಡೆಯಿಂದ ಎಂದು ಯಾರಿಗೂ ತಿಳಿಯುತ್ತಿಲ್ಲ. ನಾನೇ ಹತ್ತಿರ ಇದ್ದವಳು. ಲಾಂಬರ್ಟ್ ಮೂತಿ ಹಿಡಿದೇ ನಿಂತಿದ್ದ. ರೆಕ್ಕೆಯನ್ನು ಇಳಿಸಿ, ಹೋಗಿ ರಿಬ್ಬನ್ ಬಿಡಿಸಿದೆ, ಹನ್ನೆರಡು ಹೆಜ್ಜೆ ಅಷ್ಟೇ. ರಿಬ್ಬನ್ ಒಮ್ಮೆ ಕೊಸರಾಡಿ, ನನ್ನ ಕಡೆಗೆ ನೆಟ್ಟಗೆ ಚಾಚಿಕೊಂಡಿತು. ಎದುರುಗಾಳಿ, ಕೈಯಲ್ಲಿ ಹಿಡಿಯಬಹುದು ಎನ್ನುವಷ್ಟು ಚೆಂದದ್ದು. ಓಡಿ ಬಂದು ರೆಕ್ಕೆ ಎತ್ತಿದೆ.

"ರೋಸಿ, ಬಂತು ನೋಡು, ಓಡು," ಎಂದ ಗೆರ್ವಿನ್ ಹಿಂದಿನಿಂದ.

ಲಾಂಬರ್ಟ್ ತಂತಿ ಬಿಡಲಿಲ್ಲ.

"ಮಲಗು."

"ಆಗ್ಲೇ ಮಲಗಿದ್ನಲ್ಲ. ನೀನೇ ನೋಡಿದ್ಯಲ್ಲ."

"ಮಲಗು."

"ಲಾಂಬರ್ಟ್, ಬಿಡು. ಗಾಳಿ ಹೊರಟೋಗತ್ತೆ."

"ಹೋದ್ರೆ ಹೋಗ್ಲಿ. ಇನ್ನೊಂದು ಬರತ್ತೆ."

ನನ್ನ ಮೈ ಉರಿದುಹೋಯಿತು. ಬೆಳಗಿನ ಮಾತಿಗೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ, ಇಷ್ಟು ಜನರೆದುರು ಹೆಂಡತಿಯನ್ನು ಎರಡೆರಡು ಸಲ ಮಲಗಿಸಿ ತನ್ನ ದೊಡ್ಡಸ್ತಿಕೆ ತೋರಿಸುತ್ತಿದ್ದಾನೆ ಎಂದೇ ಅಂದುಕೊಂಡೆ. ತಗೋ, ನೋಡ್ಕೋ, ಕಣ್ತುಂಬ ನೋಡ್ಕೋ ಎಂದು, ಸಿಟ್ಟೆಲ್ಲ ಸೇರಿಸಿ ಮೈಯನ್ನು ಮುಂದಕ್ಕೆ ಎಸೆದೆ.

ಜೋಲಿ ನನ್ನನ್ನು ಹಿಡಿಯಲಿಲ್ಲ. ಹೊಟ್ಟೆ, ಮೊಣಕೈ, ಗದ್ದ, ಎಲ್ಲ ಒಟ್ಟಿಗೆ ಹಲಗೆಗೆ ಬಡಿದವು.

ರಿಬ್ಬನ್ ಬಿಡಿಸಲು ಹೋಗುವಾಗ ನಾನೇ ಕೊಂಡಿ ಬಿಚ್ಚಿದ್ದೆ, ಬಿಚ್ಚದೆ ರೆಕ್ಕೆಯ ಕೆಳಗಿನಿಂದ ಹೇಗೆ ಹೋದೇನು? ಹಾಕಿದ್ದು ನೆನಪಿತ್ತು, ಬಿಚ್ಚಿದ್ದು ನೆನಪಿರಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಅವನು ನನಗಾಗಿ ಮಾಡಿದ ತಪ್ಪನ್ನೇ ನಾನು ಒಂದು ರಿಬ್ಬನ್ನಿಗಾಗಿ ಮಾಡಿದ್ದೆ. ಗದ್ದ ಹಲಗೆಯ ಮೇಲಿಟ್ಟುಕೊಂಡೇ ಮುಂದೆ ನೋಡಿದೆ. ಲಾಂಬರ್ಟನ ಬೂಟು, ಅದರಾಚೆ ಒಂದು ಮೊಳ ಹಲಗೆ, ಅದರಾಚೆ ಏನೂ ಇಲ್ಲ.

ಅವನು ಬಗ್ಗಲಿಲ್ಲ, ಬಗ್ಗಿದರೆ ರೆಕ್ಕೆ ಹಾರಿಹೋಗುತ್ತಿತ್ತು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ "ಕೊಂಡಿ" ಎಂದ. ಆಮೇಲೆ ತಲೆ ಎತ್ತಿ ಹಿಂದಿನವರಿಗೆ ಜೋರಾಗಿ, "ಹಲಗೆ ಒದ್ದೆ ಇದೆ, ನೋಡ್ಕೊಂಡು ಕಾಲಿಡಿ," ಎಂದ.

ಹಿಂದಿನಿಂದ ನೋಡಿದವರಿಗೆ ನಾನು ಜಾರಿ ಬಿದ್ದ ಹಾಗೆಯೇ ಕಂಡಿತ್ತು. ಎದ್ದು, ಬೆನ್ನ ಹಿಂದೆ ಕೊಂಡಿ ಹಾಕಿಕೊಂಡೆ. ಅವನು ಮತ್ತೆ ಮಲಗು ಎಂದ, ಮಲಗಿದೆ, ಜೋಲಿ ತೂಗಿತು. ತಂತಿಯನ್ನು ಎರಡು ಸಲ ಎಳೆದ. ಅಷ್ಟರಲ್ಲಿ ಆ ಗಾಳಿ ಹೋಗಿತ್ತು, ಆದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಅವನು ಪಕ್ಕಕ್ಕೆ ಸರಿದ, ನಾನು ಓಡಿದೆ.

ವಸಂತದ ಗಾಳಿಗೆ ನಮ್ಮ ಭಯದ ಹಂಗಿಲ್ಲ. ಬಿಸಿಲು ಕಾಯ್ದ ಬಂಡೆಯ ಮೇಲೆ ಬಿಸಿಗಾಳಿ ನನ್ನನ್ನು ಎತ್ತಿಕೊಂಡು ಸುತ್ತಿಸುತ್ತಾ ಮೇಲಕ್ಕೆ ಒಯ್ದಿತು. ಕಾಗೆಯೊಂದು ಪಕ್ಕಕ್ಕೆ ಬಂದು, ಗದ್ದದ ರಕ್ತ ನೋಡಿ ಹೋಯಿತು. ಕೆಳಗೆ ಹಿಮ ಕರಗಿದ ನೀರಿನಿಂದ ದ್ರಾವ್ ನದಿ ಹಸಿರಾಗಿ ಉಬ್ಬಿತ್ತು. ಬೇರೆ ದಿನವಾಗಿದ್ದರೆ ಹಾಡು ಹೇಳುತ್ತಿದ್ದೆ. ಅವತ್ತು ಕಣ್ಣು ಹೋಗಿದ್ದು ಆ ತೋಪಿನ ಕಡೆಗೆ. ಅವನು ಬಿದ್ದಾಗ ಆಳೆತ್ತರ ಇದ್ದ ಮರಗಳು ಈಗ ಚರ್ಚಿನ ಗೋಪುರದಷ್ಟು ಬೆಳೆದಿವೆ. ಅದರ ಮೇಲೆ ಮೂರು ಸುತ್ತು ಹಾಕಿದೆ, ಗಾಳಿಯಲ್ಲೇ ಅತ್ತೆ. ಮೇಲೆ ಅತ್ತರೆ ಒಂದು ಅನುಕೂಲ, ಕಣ್ಣೀರು ತಾನಾಗಿಯೇ ಒಣಗುತ್ತದೆ.

ಮಧ್ಯಾಹ್ನಕ್ಕೆ ತೆಂಕಣ ಗಾಳಿ ಜೋರಾಯಿತು, ಇಳಿದುಬಿಟ್ಟೆ. ಹುಲ್ಲುಗಾವಲಿನಲ್ಲಿ ಜೀಪಿಗೆ ಒರಗಿ ಲಾಂಬರ್ಟ್ ಕಾಯುತ್ತಿದ್ದ. ರೆಕ್ಕೆ ಮಡಚಿ ಜೀಪಿನ ಮೇಲೆ ಕಟ್ಟಿದೆವು. ದಾರಿಯಲ್ಲಿ ನಾನೇ ಶುರು ಮಾಡಿದೆ.

"ಯಾಕೆ ಹೇಳ್ಲಿಲ್ಲ ಅವ್ರಿಗೆ?"

"ಏನಂತ?"

"ನಾನು ಕೊಂಡಿ ಹಾಕಿರ್ಲಿಲ್ಲ ಅಂತ. ಗೆರ್ವಿನ್ ಎದ್ರಿಗೇ ಆಗಿದ್ದು. ಅದೊಂದು ಮಾತು ಹೇಳಿದ್ರೆ ಸಾಯಂಕಾಲ ಒಬ್ರೂ ನಿನ್ ವಿರುದ್ಧ ಕೈ ಎತ್ತಲ್ಲ."

ಅವನು ಗೇರು ಬದಲಾಯಿಸಿದ. ಸೇತುವೆ ದಾಟಿದ ಮೇಲೆ ಹೇಳಿದ:

"ನನ್ನನ್ನ ಮೂಟೆ ಅಂತಾರೆ, ಇಪ್ಪತ್ತೆಂಟು ವರ್ಷ ಆಯ್ತು. ಒಂದು ಮನೆಗೆ ಒಂದು ಸಾಕು."

ಸಭೆ ನಾಲ್ಕು ಗಂಟೆಗೆ, ಚರ್ಚಿನ ಎದುರಿನ ಹೋಟೆಲಿನಲ್ಲಿ. ಹತ್ತೊಂಬತ್ತು ಜನ, ಬಿಯರ್, ಆವಿಯಾಡುವ ಗಿಣ್ಣಿನ ಕಡುಬು. ಬೆಟ್ಟದ ಮೇಲೆ ನಾವೆಲ್ಲ ಒಬ್ಬರನ್ನೊಬ್ಬರು ನೀನು ಎನ್ನುವವರು. ಸಭೆಯಲ್ಲಿ ಮಾತ್ರ ಗೆರ್ವಿನ್ ಎಲ್ಲರಿಗೂ ನೀವು ಎನ್ನುತ್ತಾನೆ. ಸೂಚನೆ ಓದಿದ, ಲಾಂಬರ್ಟನ ಸೇವೆಯನ್ನು ಮನಸಾರೆ ಹೊಗಳಿದ, ಇನ್ನು ಮೇಲೆ ಅವರು ವಿಶ್ರಾಂತಿ ಪಡೆಯಲಿ ಎಂದ. ಹಲವರು ತಲೆಯಾಡಿಸಿದರು. ನೀವೇನಾದರೂ ಹೇಳುತ್ತೀರಾ ಎಂದು ಲಾಂಬರ್ಟನನ್ನು ಕೇಳಿದ. ಒಲೆಯ ಪಕ್ಕ ಕೂತಿದ್ದವನು ತೊಡೆ ಸವರಿಕೊಂಡು, ಕಾಲು ಚಳಿಗೆ ಹಿಡಿಯುತ್ತದೆ, ಎಲ್ಲರೂ ಹೇಗೆ ಹೇಳಿದರೆ ಹಾಗೆ ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ ನಾನು ಕಡುಬಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಕೈ ಎತ್ತುವ ಮೊದಲು ಗಂಟೆಯ ಕೆಲಸ ಮುಗಿಸುವುದು ನಮ್ಮಲ್ಲಿ ವಾಡಿಕೆ. ಗಂಟೆ ಕಾಯುವವನು ಮುದುಕ ಕೊರ್ಬಿನಿಯನ್, ಸಂಘ ಕಟ್ಟಿದವರಲ್ಲಿ ಉಳಿದವನು ಅವನೊಬ್ಬನೇ. ಅದನ್ನು ಮೇಜಿನ ಮೇಲಿಟ್ಟು, ಈ ವರ್ಷ ಯಾರು ಎಂದು ಕೇಳಿದ. ಹೆಲ್ಮೆಟ್ ಮರೆತು ಉಣ್ಣೆಯ ಟೋಪಿಯಲ್ಲಿ ಹಾರಿದ ಒಬ್ಬನ ಹೆಸರು ಬಂತು, ಹಾಗೇ ಆಗಲಿ ಎಂದು ಎಲ್ಲರೂ ಮೇಜು ಕುಟ್ಟಿದರು.

ನಾನು ಎದ್ದು ನಿಂತೆ. ಲಾಂಬರ್ಟ್ ದೂರದಿಂದಲೇ ಬೇಡ ಎಂದು ತಲೆಯಾಡಿಸಿದ. ಅವನ ಮಾತು ನಾನು ಯಾವತ್ತು ಕೇಳಿದ್ದೇನೆ?

"ಅದನ್ನ ಇಲ್ಲಿ ಕೊಡಿ," ಎಂದೆ. "ಹಲಗೆ ಒದ್ದೆ ಇರ್ಲಿಲ್ಲ."

ಬೆಳಗಿನ ಮಾತಿನಿಂದ ಹಿಡಿದು ಗದ್ದ ಒಡೆದವರೆಗೆ ಎಲ್ಲ ಹೇಳಿದೆ. ಲಾಂಬರ್ಟನ ವಿರುದ್ಧ ಕೈ ಎತ್ತುತ್ತೇನೆಂದು ರೊಟ್ಟಿ ತಿನ್ನುತ್ತಾ ಹೇಳಿದ್ದು, ಹನ್ನೆರಡು ಹೆಜ್ಜೆ ಹೋಗಿ ಬಂದದ್ದು, ಮಲಗಿದ್ದೆನಲ್ಲ ಎಂದು ಜೋರು ಮಾಡಿದ್ದು. ಅವನು ಬಿಟ್ಟಿದ್ದರೆ ಈ ಹೊತ್ತಿಗೆ ನೀವೆಲ್ಲ ಕಪ್ಪು ಬಟ್ಟೆಯಲ್ಲಿ ಇರುತ್ತಿದ್ದಿರಿ, ಕಡುಬೂ ಇರುತ್ತಿರಲಿಲ್ಲ ಎಂದೆ. ಓಡು ಎಂದಿದ್ದ ಗೆರ್ವಿನನ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಆಮೇಲೆ ಕೊರ್ಬಿನಿಯನ್ ಶುರು ಮಾಡಿದ. ಸಿಟ್ಟಿನಲ್ಲಿ ಮೈ ಎಸೆದು ಹಲಗೆಗೆ ಗದ್ದ ಬಡಿದುಕೊಂಡ ನನ್ನನ್ನು ಕಣ್ಣೆದುರು ತಂದುಕೊಂಡನೋ ಏನೋ, ಮುದುಕನ ಹೊಟ್ಟೆ ಕುಲುಕತೊಡಗಿತು. ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೆ ನಾಚಿಕೆಯಾಯಿತು, ಕಿವಿಯವರೆಗೆ ಬಿಸಿಯಾಯಿತು. ಇದನ್ನೇ ಲಾಂಬರ್ಟ್ ಇಪ್ಪತ್ತೆಂಟು ವರ್ಷ ತೊಡೆ ಸವರಿಕೊಂಡು ನುಂಗಿದ್ದ ಎಂಬುದು ಆಗ ಗೊತ್ತಾಯಿತು.

ಸೂಚನೆಗೆ ಎರಡು ಕೈ ಎದ್ದವು. ಅವರಿಬ್ಬರೂ ನಗುತ್ತಾ ಇದ್ದುದರಿಂದ ಏನು ಕೇಳಿದರೆಂದು ತಿಳಿಯದೆ ಎತ್ತಿದವರು, ಆಮೇಲೆ ಇಳಿಸಿದರು. ಗೆರ್ವಿನನ ಕೈ ಮೇಜಿನ ಮೇಲೆಯೇ ಇತ್ತು. ನನಗೆ ಹೆಸರೂ ಅಲ್ಲೇ ಬಿತ್ತು, ಒದ್ದೆ ಹಲಗೆ ಅಂತ. ಮರುದಿನ ಅಂಗಡಿ ತೆರೆಯುವಷ್ಟರಲ್ಲಿ ಅದು ಊರೆಲ್ಲ ಸುತ್ತಿ ಬಂದಿತ್ತು. ಈಗ ಮಕ್ಕಳು "ಒದ್ದೆ ಹಲಗೆ ಅತ್ತೆ, ಮೂಟೆ ಮಾಮ ಇಲ್ವಾ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತವೆ.

ಆದರೆ ಅದು ಆಮೇಲಿನ ಮಾತು. ಗಂಟೆ ಕಟ್ಟಲು ಕೊರ್ಬಿನಿಯನ್ ಎದ್ದಾಗ, ಲಾಂಬರ್ಟ್ ಒಲೆಯ ಪಕ್ಕದಿಂದ ಕುಂಟುತ್ತಾ ಬಂದು ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡ. ನನ್ನ ಹಿಂದೆ ನಿಂತು, ಕೂದಲು ಪಕ್ಕಕ್ಕೆ ಸರಿಸಿ, ಕತ್ತಿನ ಹಿಂದೆ ಬಕಲ್ ಹಾಕಿದ. ಆಮೇಲೆ ಎರಡು ಸಲ ಎಳೆದು ನೋಡಿದ. ನಾನು ಸುಮ್ಮನೆ ನಿಂತಿದ್ದೆ.